ಕೈ ಮರೆಸುವ ಹೊಲಿಗೆ

ನಮ್ಮಕ್ಕ ಟೈಲರ್. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲೇ ಯಾವ ಭುಜ ಇಳಿದಿದೆ, ಬೆನ್ನು ಎಲ್ಲಿ ಬಾಗಿದೆ ಎಂದು ಅಳೆದುಬಿಡುತ್ತಾಳೆ. ಇಳಿದ ಭುಜಕ್ಕೆ ಒಳಗಿನಿಂದ ಒಂದು ದಪ್ಪ ಪದರ, ಹೊಟ್ಟೆಯ ಮುಂದೆ ಎರಡು ನೆರಿಗೆ. ಕನ್ನಡಿ ಮುಂದೆ ನಿಂತವರು ಉಬ್ಬಿಹೋಗುತ್ತಾರೆ. ಪಕ್ಕದಲ್ಲಿ ಕೂತು ಗುಂಡಿ ಹಾಕುವವಳು ನಾನು, ಅವಳ ತಂಗಿ.

ಅಕ್ಕನ ಮಗಳು ಹುಟ್ಟುವಾಗ ತಲೆ ಹೊರಗೆ ಬಂದು ಭುಜ ಸಿಕ್ಕಿಕೊಂಡಿತು. ಎಳೆದರು. ಕತ್ತಿನಿಂದ ಬಲಗೈಗೆ ಹೋಗುವ ನರಗಳು ಹರಿದವು. "ಮೂರು ತಿಂಗಳಲ್ಲಿ ಸರಿಹೋಗುತ್ತಮ್ಮ" ಎಂದು ಹೇಳಿ ಡಾಕ್ಟರು ಕೈತೊಳೆದುಕೊಂಡರು. ಐದು ವರ್ಷವಾದರೂ ಕೈ ಒಳಕ್ಕೆ ತಿರುಚಿಕೊಂಡು ಜೋತುಬಿದ್ದೇ ಇದೆ. ಹುಡುಗಿ ಮಾತ್ರ ಅರಳು ಹುರಿದಂತೆ ಮಾತಾಡುತ್ತಾಳೆ. ಅದಕ್ಕೇ ಮನೆಯಲ್ಲಿ ಅವಳ ಹೆಸರು ಪಟಾಕಿ.

ಆಸ್ಪತ್ರೆಯ ಮೇಲೆ ಕೇಸು ಹಾಕೋಣವೆಂದು ಹೋದಾಗ ವಕೀಲರು ಮೊದಲೇ ಹೇಳಿದ್ದರು: "ನರ ಹರಿದಿದೆ ಅಂದ್ರೆ ಸಾಲದಮ್ಮ. ಒಮ್ಮೊಮ್ಮೆ ಯಾರ ತಪ್ಪೂ ಇಲ್ದೆ ಹೀಗಾಗುತ್ತೆ. ಅವ್ರು ಎಳೀಬಾರದ ಹಾಗೆ ಎಳೆದ್ರು ಅಂತ ತೋರಿಸ್ಬೇಕು. ಕೈ ಎಷ್ಟು ಕೆಟ್ಟಿದೆ ಅಂತಾನೂ ತೋರಿಸ್ಬೇಕು. ಹೆರಿಗೆ ದಿನದ ಕಾಗದಪತ್ರ ತಗೊಂಬನ್ನಿ."

ಆ ಕಾಗದಕ್ಕೆ ಒಂದು ವರ್ಷ ಆಸ್ಪತ್ರೆಗೆ ಅಲೆದೆವು. ಈ ಕಿಟಕಿಯವರು ಆ ಕಿಟಕಿಗೆ ಹೋಗಿ ಎನ್ನುವರು, ಆ ಕಿಟಕಿಯವರು ಊಟಕ್ಕೆ ಹೋಗಿರುವರು. ಸಾಕುಸಾಕಾಯಿತು. ಕೊನೆಗೂ ಸಿಕ್ಕಿತು; ಹೇಗೆ ಎಳೆದರೆಂದು ಅದರಲ್ಲಿತ್ತು, ಕೈ ಎಷ್ಟು ಕೆಟ್ಟಿದೆಯೆಂದು ತೋರಿಸುವುದಷ್ಟೇ ಉಳಿಯಿತು. ಗೆದ್ದರೆ ಪಟಾಕಿಯ ಆಪರೇಷನ್ನಿಗೆ, ಮುಂದಿನ ಚಿಕಿತ್ಸೆಗೆ ದಾರಿಯಾಗುತ್ತದೆ, ಇಲ್ಲವೆಂದರೆ ಇಲ್ಲ.

ವಿಚಾರಣೆಯ ದಿನ ಎದುರು ವಕೀಲರು ಪಟಾಕಿಯ ಶಾಲೆಯ ಫೋಟೋ ಎತ್ತಿ ಹಿಡಿದರು. "ಸ್ವಾಮಿ, ಇದ್ರಲ್ಲಿ ಕೈ ಸರಿಯಿಲ್ಲದ ಮಗು ಯಾವುದು, ನೀವೇ ಹೇಳಿ."

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಅಂಗಿಯ ಬಲತೋಳಿಗೆ ಒಳಪದರ, ಮಣಿಕಟ್ಟು ನಿಲ್ಲಲು ಸೊಂಟದಲ್ಲೊಂದು ಜೇಬು, ಅದನ್ನು ಮುಚ್ಚಲು ಮೇಲೆ ನೆರಿಗೆಯ ಝಾಲರು. ಐದು ವರ್ಷದ ಒಂದು ಫೋಟೋದಲ್ಲೂ ಆ ಕೈ ಇಲ್ಲ!

"ಅದು ನನ್ನ ಹೊಲಿಗೆ ಸ್ವಾಮಿ," ಎಂದಳು ಅಕ್ಕ. ಆ ಗಳಿಗೆಯಲ್ಲೂ ಅವಳ ದನಿಯಲ್ಲಿ ಕಸುಬಿನ ಹೆಮ್ಮೆ ಇಣುಕಿತು. ನನಗೆ ಅವಳ ಬಾಯಿ ಮುಚ್ಚಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು.

"ನಾಳೆ ಮಗೂನ ಕರ್ಕೊಂಡ್ ಬನ್ನಿ," ಎಂದರು ನ್ಯಾಯಾಧೀಶರು.

ಅಕ್ಕ ಮಗಳಿಗೆ ಮೊದಲ ಸಲ ಅಂಗಡಿಯಿಂದ ಸಿದ್ಧ ಉಡುಪು ತಂದಳು. ತೋಳಿಲ್ಲದ್ದು. ಮಾರನೆಯ ದಿನ ಅದನ್ನು ತೊಟ್ಟು ಪಟಾಕಿ ಅಷ್ಟು ಜನರ ನಡುವೆ ತುಟಿ ಬಿಚ್ಚದೆ ನಿಂತಳು.

"ಕೈ ಎತ್ತು ಮಗು," ಎಂದರು ನ್ಯಾಯಾಧೀಶರು.

ಎಡಗೈ ಎತ್ತಿದಳು.

"ಇನ್ನೊಂದು?"

"ಅದನ್ನ ಯಾರಿಗೂ ತೋರಿಸ್ಬಾರ್ದು ಅಂತ ಅಮ್ಮ ಹೇಳಿದಾಳೆ."

'ತೋರಿಸು' ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಕೊನೆಗೆ ನಾನೇ ಹೇಳಿದೆ: "ಎತ್ತು ಪುಟ್ಟ, ಆದಷ್ಟು ಎತ್ತು."

ಪಟಾಕಿ ಹಲ್ಲು ಕಚ್ಚಿ ಎತ್ತಿದಳು. ಕೈ ಸೊಂಟದವರೆಗೆ ಬಂದು ನಡುಗಿ ನಿಂತಿತು. ಗುಮಾಸ್ತರು ಬರೆದುಕೊಂಡರು. ನಮಗೆ ಬೇಕಾಗಿದ್ದೂ ಅದೇ.

ಅವಳು ಮಾತ್ರ ಅಮ್ಮನ ಕಡೆ ತಿರುಗಿ, "ಸಾರಿ ಅಮ್ಮ, ಎಲ್ರೂ ನೋಡ್ಬಿಟ್ರು," ಎಂದಳು.