‘ಗೂಡು ಕಟ್ಟಿಲ್ಲ’ ಎಂದು ಬರೆದ ತಪ್ಪಿಗೆ

ಪುಟ ಮಗುಚಬೇಡಿ, ಒಂದೈದು ನಿಮಿಷ ಇದನ್ನು ಪೂರ್ತಿ ಕೇಳಿಬಿಡಿ. ನೆಲ ಒರೆಸುವ ದ್ರಾವಣವೊಂದರ ಬಣ್ಣ ಹಸಿರಿನಿಂದ ನೀಲಿಗೆ ಬದಲಾಗಿದೆ. ಬಣ್ಣ, ಅಷ್ಟೇ. ಅದಕ್ಕೆ ಎಷ್ಟು ಜೀವ ಬೇಕು, ಹೇಳಿ ನೋಡೋಣ?

ಬೆಳಗಿನ ಐದೂಮುಕ್ಕಾಲು. ಪರೀಕ್ಷಾಲಯದ ಹಿಂಬದಿಯಲ್ಲಿರುವ ಕಿಟಕಿಯಿಲ್ಲದ ಕೋಣೆಯ ಬಾಗಿಲು ತೆರೆದು, ದೀಪ ಹಾಕುವ ಮುಂಚೆಯೇ ಒಬ್ಬ ಹೆಂಗಸು ಮೆಲ್ಲಗೆ ಹೇಳುತ್ತಾರೆ: "ಬಂದೆ ಕಣ್ರೋ, ಹೆದರ್ಬೇಡಿ." ನೂರಹನ್ನೆರಡು ಪಂಜರಗಳಲ್ಲಿ ಸರಸರ ಸದ್ದು. ಹತ್ತೊಂಬತ್ತು ವರ್ಷದಿಂದ ಈ ಬಿಳಿ ಇಲಿಗಳನ್ನು ನೋಡಿಕೊಳ್ಳುತ್ತಿರುವ ಇವರನ್ನು ಇಡೀ ಕಟ್ಟಡ ಕರೆಯುವುದು ‘ಇಲಿಯಮ್ಮ’ ಎಂದೇ.

ನೀರಿನ ಬಾಟಲಿ ಬದಲಿಸುವುದು, ಮರದ ಪುಡಿ ಹಾಸುವುದು, ಪ್ರತಿ ಪಂಜರಕ್ಕೂ ಒಂದು ಹಿಡಿ ಕಾಗದದ ಚೂರು ಹಾಕುವುದು ಇವರ ಕೆಲಸ. ಗಟ್ಟಿಮುಟ್ಟಾದ ಇಲಿ ಬೆಳಗಾಗುವುದರೊಳಗೆ ಆ ಕಾಗದವನ್ನು ಹರಿದು, ಸುತ್ತಿ, ಗೂಡು ಮಾಡಿಕೊಂಡಿರುತ್ತದೆ. "ಗೂಡು ಕಟ್ಟಿಲ್ಲ ಅಂದ್ರೆ ಅದಕ್ಕೆ ಜೀವದ ಮೇಲೆ ಆಸೆ ಹೋಗಿದೆ ಅಂತ ಲೆಕ್ಕ. ಒಂದು ದಿನ ಮುಂಚೇನೇ ಗೊತ್ತಾಗುತ್ತೆ ನಂಗೆ," ಎನ್ನುತ್ತಾರೆ.

ಆದರೆ ಫಾರಂಗೆ ಗೊತ್ತಾಗುವುದಿಲ್ಲ! ಅದರಲ್ಲಿರುವುದು ಎರಡೇ ಕಾಲಂ: ‘ಬದುಕಿದೆ’, ‘ಸತ್ತಿದೆ’. ಎಷ್ಟು ವಿಷ ಕುಡಿಸಿದರೆ ಅರ್ಧದಷ್ಟು ಸಾಯುತ್ತವೆ ಎಂದು ಎಣಿಸುವ ಹಳೇ ಪದ್ಧತಿ ಅದು. ಒಟ್ಟಿಗೆ ನಲವತ್ತು ಇಲಿ. ಹದಿನಾಲ್ಕು ದಿನ ಕಾಯುವುದು. ಬದುಕಿದವನ್ನೂ ಕೊನೆಗೆ ಬಿಡುವುದಿಲ್ಲ, ಕೊಯ್ದು ನೋಡುತ್ತಾರೆ.

ಬಣ್ಣ ಬದಲಾಯಿತೆಂದು ಹೋದ ತಿಂಗಳು ನೀಲಿ ದ್ರಾವಣದ ಸರದಿ. ಎರಡನೇ ಬೆಳಗ್ಗೆ ಆರು ಪಂಜರದಲ್ಲಿ ಕಾಗದ ಹಾಕಿದ ಹಾಗೇ ಬಿದ್ದಿತ್ತು. ಇಲಿಗಳು ಬೆನ್ನು ಗೂನು ಮಾಡಿಕೊಂಡು ಮೂಲೆಗೆ ಸೇರಿದ್ದವು. ಇಲಿಯಮ್ಮನಿಗೆ ತಡೆಯಲಾಗಲಿಲ್ಲ. ಫಾರಂನ ಅಂಚಿನಲ್ಲಿ ಆರು ಕಡೆ ‘ಗೂಡು ಕಟ್ಟಿಲ್ಲ’ ಎಂದು ಬರೆದರು. ಯಾರಾದರೂ ನೋಡಿ, ನರಳುವುದನ್ನು ಬೇಗ ಮುಗಿಸಿಯಾರು ಎಂಬ ಆಸೆ. ಮಾರನೇ ದಿನ ಆರೂ ಸತ್ತವು.

ನೋಡಿದವರು ತಪಾಸಣೆಯ ಸಾಹೇಬರು. ಕೆಂಪು ಶಾಯಿಯಲ್ಲಿ ಗೀಟು ಎಳೆದರು: ಅಂಚಿನಲ್ಲಿ ಗೀಚಿ ದಾಖಲೆ ಕೆಟ್ಟಿದೆ, ಪರೀಕ್ಷೆ ರದ್ದು, ಹೊಸದಾಗಿ ಮಾಡಿ. ಅಂದರೆ ಇನ್ನೂ ನಲವತ್ತು!

"ಆವತ್ತು ಊಟ ಸೇರ್ಲಿಲ್ಲ. ನನ್ ಕೈಯಾರೆ ಕರೆಸ್ಕೊಂಡ ಹಾಗಾಯ್ತಲ್ಲ ಅವನ್ನ," ಎನ್ನುತ್ತಾರೆ.

ಹೊಟ್ಟೆ ಉರಿಯುವುದು ಇಲ್ಲಿ. ಬೇರೆ ದಾರಿ ಇದೆ, ಇವತ್ತು ನಿನ್ನೆಯದಲ್ಲ. ಮೊದಲು ಒಂದೇ ಇಲಿಗೆ ಕೊಟ್ಟು ಎರಡು ದಿನ ನೋಡುವುದು. ಏನಾಯಿತೋ ಅದರ ಮೇಲೆ ಮುಂದಿನದಕ್ಕೆ ಎಷ್ಟು ಕುಡಿಸಬೇಕು ಎಂದು ತೀರ್ಮಾನಿಸುವುದು. ಎಷ್ಟೋ ಸಲ ಐದಾರು ಇಲಿಯಲ್ಲೇ ಮುಗಿಯುತ್ತದೆ. ಹೊಸದಾಗಿ ಸೇರಿದ ಡಾಕ್ಟರಮ್ಮ ಕೆಂಪು ಗೀಟಿನ ಕೆಳಗಿದ್ದ ಅಕ್ಷರ ಓದಿ ಇಲಿಯಮ್ಮನ ಹತ್ತಿರ ಓಡಿ ಬಂದಿದ್ದರಂತೆ. "ಅಮ್ಮಾ, ನೀವು ಬರ್ದಿರೋದೇ ನಮ್ಗೆ ಬೇಕಾದ್ದು! ಸಾಯೋ ತನಕ ಕಾಯ್ಬೇಕಾಗಿಲ್ಲ." ಮ್ಯಾನೇಜರ್ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ದ್ರಾವಣ ಮಾಡುವ ಗಿರಾಕಿ ಕಂಪನಿ ಹಳೇ ಲೆಕ್ಕವನ್ನೇ ಕೇಳುತ್ತದಂತೆ.

ಇವತ್ತು ಆ ನಲವತ್ತು ತಯಾರಾಗಿವೆ. ರಿಜಿಸ್ಟರಿನಲ್ಲಿ ‘ನಲವತ್ತು, ಆರೋಗ್ಯವಾಗಿವೆ, ಪರೀಕ್ಷೆಗೆ ಸಿದ್ಧ’ ಎಂಬ ಸಾಲಿನ ಕೆಳಗೆ ಇಲಿಯಮ್ಮನ ಸಹಿ ಬೀಳದೆ ಕೆಲಸ ಶುರುವಾಗುವಂತಿಲ್ಲ. ಮನೆಯಲ್ಲಿ ಗಂಡನಿಗೆ ಮಂಡಿನೋವು, ದುಡಿಯುವವರು ಇವರೊಬ್ಬರೇ. ಹೊರಡುವಾಗ ಅವರೂ ಕೂಗಿ ಹೇಳಿದ್ದಾರೆ, "ನೋಡು ಮಾರಾಯ್ತಿ, ಇವತ್ತು ಅಂಚಲ್ಲಿ ಏನೂ ಗೀಚ್ಬೇಡ!"

ಒಂಬತ್ತಕ್ಕೆ ಮ್ಯಾನೇಜರ್ ಪೆನ್ನು ಹಿಡಿದು ಬರುತ್ತಾರೆ. "ಹಾಕಮ್ಮ, ನಿನ್ನದೊಂದು ಗೆರೆಯಿಂದ ಏನಾಗ್ಬೇಕಾಗಿದೆ?"

"ನನ್ನದೊಂದು ಗೆರೆಯಿಂದಾನೇ ಅಲ್ವಾ ಸಾರ್, ಇವು ನಲವತ್ತೂ ಬಂದಿದ್ದು?"

ಅಂಚನ್ನು ಇಲಿಯಮ್ಮ ಮುಟ್ಟುವುದಿಲ್ಲ. ‘ನಲವತ್ತು’ ಎಂಬುದನ್ನೇ ಹೊಡೆದುಹಾಕಿ, ಮೇಲೆ ದುಂಡಗೆ ‘ಒಂದು’ ಎಂದು ಬರೆದು, ಕೆಳಗೆ ಸಹಿ ಹಾಕುತ್ತಾರೆ.

"ನಾಳೆಯಿಂದ ಬರೋದೇ ಬೇಡ ಅಂದ್ರೆ?" ಮ್ಯಾನೇಜರ್ ಮುಖ ಕೆಂಪಗಾಗಿದೆ.

"ಇವತ್ತಿನ ನೀರು ಹಾಕ್ಬಿಟ್ಟು ಹೋಗ್ತೀನಿ ಸಾರ್. ಆಸೆ ಒಂದೇ, ಆ ಫಾರಂಗೆ ಇನ್ನೊಂದು ಕಾಲಂ ಹಾಕ್ಸಿ."

ಅವರು ಬಾಟಲಿಗಳ ಕಡೆ ತಿರುಗುತ್ತಾರೆ. ರಿಜಿಸ್ಟರ್ ಮೇಜಿನ ಮೇಲೆ ತೆರೆದೇ ಇದೆ. ಆ ಪೆನ್ನು ನಿಮ್ಮ ಕೈಯಲ್ಲಿದ್ದಿದ್ದರೆ, ನೀವು ಎಷ್ಟು ಎಂದು ಬರೆಯುತ್ತಿದ್ದಿರಿ?