ಗೋಲು ಹೊಡೆಯುವುದನ್ನು ಕಲಿಸಲು ಬಂದವರು

ದುಬೈಯ ಒಂದು ಸಣ್ಣ ಕಾಲೇಜಿನ ಕಚೇರಿಯಲ್ಲಿ ನನಗೆ ಕೆಲಸ. ವಿದ್ಯಾರ್ಥಿಗಳ ಬೇಕುಬೇಡಗಳನ್ನು ನೋಡಿಕೊಳ್ಳುವ ವಿಭಾಗ. ಅದರ ಬಾಲಕ್ಕೆ ಕ್ರೀಡೆಯನ್ನೂ ಕಟ್ಟಿದ್ದರು. ಹುಟ್ಟಿದ ಮೇಲೆ ಒಮ್ಮೆಯೂ ಚೆಂಡು ಒದೆಯದ ನಾನು ಹಾಗೆ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆದೆ.

ತಂಡದ ಕೋಚ್ ಕಾಸರಗೋಡಿನ ಕಡೆಯವರು. ಪ್ರಾಯದಲ್ಲಿ ಒಳ್ಳೆಯ ಗೋಲ್‌ಕೀಪರ್ ಆಗಿದ್ದರಂತೆ. ಅವರು ಕಲಿಸಿದ್ದೆಲ್ಲ ತಡೆಯುವ ವಿದ್ಯೆ. ಎದುರಿನವರು ಎಷ್ಟೇ ನುಗ್ಗಿ ಬಂದರೂ ನಮ್ಮ ಹುಡುಗಿಯರು ಗೋಡೆಯ ಹಾಗೆ ನಿಲ್ಲುತ್ತಿದ್ದರು. ಚೆಂಡು ತಮ್ಮ ಕಾಲಿಗೇ ಸಿಕ್ಕಾಗ ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ಹೊಳೆಯುತ್ತಿರಲಿಲ್ಲ. ಕಳೆದ ವರ್ಷದ ಲೀಗಿನಲ್ಲಿ ನಮಗೆ ಬಂದದ್ದು ಒಂದೇ ಗೋಲು. ಅದೂ ಎದುರು ತಂಡದವಳೊಬ್ಬಳ ಮೊಣಕಾಲಿಗೆ ತಾಗಿ ಒಳಗೆ ಹೋದದ್ದು.

ಒಂದು ದಿನ ಪ್ರಿನ್ಸಿಪಾಲರು ನನ್ನನ್ನು ಕರೆದು, ಮುನ್ನುಗ್ಗಿ ಆಡುವುದನ್ನು ಕಲಿಸಲಿಕ್ಕೆಂದೇ ಇನ್ನೊಬ್ಬ ಕೋಚನ್ನು ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿದೆ ಎಂದರು. "ಈಗಿನ ಕೋಚ್‌ಗೆ ನೀವೇ ಹೇಳಿಬಿಡಿ" ಎಂದೂ ಸೇರಿಸಿದರು.

ನನಗೆ ಅದೇ ಕಷ್ಟವಾಯಿತು. ಈ ದೇಶದಲ್ಲಿ ಹೊಸಬರು ಬರುತ್ತಾರೆ ಎಂದರೆ ಹಳಬರಿಗೆ ಕೇಳಿಸುವುದು ವೀಸಾ ಕ್ಯಾನ್ಸಲ್ ಎಂದೇ. ನನ್ನ ಗಂಡ ಅಬುಧಾಬಿ ಹತ್ತಿರ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿದ್ದಾಗ ನಾವೂ ಅದನ್ನು ಅನುಭವಿಸಿದ್ದೆವು. ಬೇರೆ ಕೆಲಸ ಸಿಗುವವರೆಗೆ ಫೋನ್ ರಿಂಗಾದರೆ ಇಬ್ಬರೂ ಒಟ್ಟಿಗೇ ಓಡುತ್ತಿದ್ದೆವು. ಕೋಚ್‌ಗೆ ಶಾರ್ಜಾದಲ್ಲಿ ಸಂಸಾರ, ಹತ್ತನೇ ಕ್ಲಾಸಿನ ಮಗಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮುಂದೂಡಿದೆ.

ಕೊನೆಗೆ ಗಟ್ಟಿ ಮನಸ್ಸು ಮಾಡಿ ಆಟದ ಸಾಮಾನಿಡುವ ಕೋಣೆಗೆ ಹೋದರೆ, ಅವರು ತಮ್ಮ ಕಪಾಟನ್ನು ಖಾಲಿ ಮಾಡುತ್ತಿದ್ದರು. ಹಳೆಯ ಗ್ಲೌಸು, ಮಂಡಿಗೆ ಕಟ್ಟುವ ಪಟ್ಟಿ, ನೋವಿನ ಎಣ್ಣೆ ಎಲ್ಲವೂ ಸೂಪರ್‌ಮಾರ್ಕೆಟಿನ ಚೀಲಕ್ಕೆ ಸೇರುತ್ತಿದ್ದವು.

"ಎಂಥ ಸರ್ ಇದು?"

"ಹೊಸ ಕೋಚ್ ಬರ್ತಾರಂತೆ ಅಲ್ವಾ ಟೀಚರೇ?" ಕಾಲೇಜಿನ ಹೆಂಗಸರೆಲ್ಲ ಅವರಿಗೆ ಟೀಚರೇ. "ಬಸ್ಸಿನ ಡ್ರೈವರ್ ಹೇಳಿದ. ಹೇಗೂ ಖಲಾಸ್. ನಿಮಗೆ ನನ್ನ ಮುಖ ನೋಡಿ ಹೇಳುವ ಕಷ್ಟ ಬೇಡ ಅಂತ."

ನಾನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತೆ. "ನೀವು ಎಲ್ಲಿಗೂ ಹೋಗ್ಲಿಕ್ಕಿಲ್ಲ ಸರ್. ತಂಡ ನಿಮ್ಮದೇ. ಬರುವವರು ಗೋಲು ಹೊಡೆಯುವುದನ್ನು ಮಾತ್ರ ಕಲಿಸುವುದು."

"ನನ್ನ ವೀಸಾ?"

"ರಿನ್ಯೂ ಮಾಡ್ಲಿಕ್ಕೆ ಆಗಲೇ ಕೊಟ್ಟಾಗಿದೆ."

ಅವರು ಗ್ಲೌಸನ್ನು ಚೀಲದಿಂದ ತೆಗೆದು ಮತ್ತೆ ಕಪಾಟಿನಲ್ಲಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು, "ನಾನು ಸಣ್ಣದಿರುವಾಗಿಂದ ಗೋಲಿನ ಎದುರು ನಿಂತವ ಟೀಚರೇ. ಹೊಡೆಯುವುದು ಹೇಗೆ ಅಂತ ನನಗೇ ಸರಿ ಗೊತ್ತಿಲ್ಲ. ಯಾರಾದ್ರೂ ಬಂದ್ರೆ ಆಗ್ತಿತ್ತು ಅಂತ ಎಷ್ಟು ಸಲ ಅನಿಸಿದೆ. ಕೇಳ್ಲಿಕ್ಕೆ ಹೆದರಿಕೆ."

ಕೂಡಲೇ ಹೆಂಡತಿಗೆ ಫೋನ್ ಮಾಡಿ ಮಲಯಾಳದಲ್ಲಿ ಏನೋ ಹೇಳಿದರು. ಆ ಕಡೆಯಿಂದ ಅಳುವ ದನಿ ಕೇಳಿತು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ.

ಅರ್ಜಿ ಹಾಕಿದವರಲ್ಲಿ ನಮಗೆ ಹಿಡಿಸಿದವರು ಉಳ್ಳಾಲದ ಒಬ್ಬ ಬ್ಯಾರಿ ಹೆಂಗಸು. ಮಂಗಳೂರಿನ ಕಾಲೇಜಿನಲ್ಲಿ ಫಾರ್ವರ್ಡ್ ಆಡಿದವರು, ಈಗ ಇಲ್ಲೇ ಅಲ್ ನಹ್ದಾದಲ್ಲಿ ಮನೆ. ಆಕೆ ನಮ್ಮ ಅಭ್ಯಾಸವನ್ನು ನೋಡಿದ ಮೇಲೆ, ನಮ್ಮ ಕೋಚ್ ಆಕೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಚೆಂಡು ಸಿಕ್ಕಿದ ಕೂಡಲೇ ಈ ಮಕ್ಕಳು ಹಿಂದೆ ತಿರುಗಿ ನೋಡ್ತಾರೆ. ಅದಕ್ಕೆ ಎಂಥ ಮಾಡುವುದು?"

"ಹಿಂದೆ ನೀವು ಇದ್ದೀರಲ್ಲ ಸರ್, ಅಲ್ಲಿಂದ ಕರೀತಾ. ಅದಕ್ಕೇ ನೋಡುವುದು," ಎಂದರು ಆಕೆ, ತಲೆಯ ಬಟ್ಟೆಯನ್ನು ಸರಿಮಾಡಿಕೊಳ್ಳುತ್ತಾ. "ನಾಳೆಯಿಂದ ನೀವು ಎದುರಿನ ಗೋಲಿನ ಹಿಂದೆ ಹೋಗಿ ನಿಲ್ಲಿ. ಕರೆಯುವುದಾದ್ರೆ ಅಲ್ಲಿಂದ ಕರೆಯಿರಿ."

ಇನ್ನು ಕೆಲಸ ಕೆಟ್ಟಿತು ಎಂದುಕೊಂಡೆ. ಕೋಚ್ ಆಕೆಯನ್ನು ನೋಡಿದರು, ಮೈದಾನವನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವರನ್ನೇ ತಕ್ಕೊಳ್ಳಿ ಟೀಚರೇ" ಎಂದರು.

ಆ ಬಳಿಕದ ಮೊದಲ ಪಂದ್ಯ ಅಬುಧಾಬಿಯಲ್ಲಿ. ನಾವು ಎರಡು ಗೋಲು ಹೊಡೆದು ಮೂರು ತಿಂದು ಸೋತೆವು. ಹುಡುಗಿಯರು ಮಾತ್ರ ಕಪ್ ಗೆದ್ದವರ ಹಾಗೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. "ಮ್ಯಾಮ್, ವಿ ಸ್ಕೋರ್ಡ್ ಟೂ" ಎಂದು ನಮ್ಮ ಕ್ಯಾಪ್ಟನ್ ನನಗೆ ಹೇಳಿದಳು, ನಾನು ನೋಡಿಯೇ ಇಲ್ಲವೇನೋ ಎಂಬಂತೆ.

ವಾಪಸಾಗುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಇಬ್ಬರು ಕೋಚ್‌ಗಳ ಜಗಳ ಶುರುವಾಯಿತು.

"ಮೂರು ಬಿಟ್ಟುಕೊಟ್ಟದ್ದು ಯಾರಿಂದ? ಎಲ್ಲರನ್ನೂ ಮುಂದೆ ಕಳಿಸಿದ್ರೆ ಹಿಂದೆ ಯಾರು ನಿಲ್ಲುವುದು?"

"ಎರಡು ಬಂದದ್ದು ಯಾರಿಂದ, ಅದನ್ನೂ ಹೇಳಿ ಸರ್."

"ಅದು ಸರಿ. ಆದರೆ ಮೂರು ಅಂದ್ರೆ ಮೂರೇ ಅಲ್ವಾ ಮಾರಾಯ್ತಿ."

ಒಂದೇ ಮನೆಯವರು ಜಗಳವಾಡುವ ಹಾಗಿತ್ತು ಅದು. ಒಂದು ಪೊಟ್ಟಣ ಚಿಪ್ಸ್ ಇಬ್ಬರ ನಡುವೆ ಅತ್ತಿತ್ತ ಹೋಗುತ್ತಿತ್ತು. ತಂಡದ ಜೊತೆ ಹೋದಾಗ ಬಸ್ಸಿನಲ್ಲಿ ಒಮ್ಮೆಯೂ ಕಣ್ಣು ಮುಚ್ಚದ ನಾನು, ಅಂದು ಕಿಟಕಿಗೆ ತಲೆಯಾನಿಸಿ ದುಬೈ ಬರುವವರೆಗೂ ನಿದ್ದೆ ಹೊಡೆದೆ.