ಸೈಲೆನ್ಸರಿಗೆ ತೂತು ಕೊರೆದ ಬೇಸಿಗೆ

ಅದು 2006ರ ಮಾರ್ಚ್ ತಿಂಗಳಿರಬೇಕು. ಕೊಪ್ಪದ ಹುಡುಗರೆಲ್ಲ ಮೊಬೈಲಿಗೆ ಹೊಸ ಹೊಸ ರಿಂಗ್‌ಟೋನ್ ಹಾಕಿಸಿಕೊಳ್ಳುತ್ತಿದ್ದ ಕಾಲ. ನನಗೆ ಆ ಖರ್ಚಿರಲಿಲ್ಲ, ಎಲ್ಲ ರಿಂಗ್‌ಟೋನೂ ಬಾಯಲ್ಲೇ ಬರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಂದು ಸಲ ಹಾಗೆ ಕೂಗಿದರೆ ನಾಲ್ಕು ಜನ ಜೇಬು ತಡಕಿಕೊಳ್ಳುತ್ತಿದ್ದರು. ಕಂಡಕ್ಟರ್, ಬ್ಯಾಂಕ್ ಮ್ಯಾನೇಜರ್, ನಮ್ಮಪ್ಪ, ಯಾರನ್ನೂ ನಾನು ಅಣಕಿಸದೆ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿರಲಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿ ಬಂದು ಮನೆ ಬಾಗಿಲಲ್ಲಿ ನಿಂತು ನಾನು ಕೆಮ್ಮಿದ ಕೆಮ್ಮನ್ನು ಈಗಲೂ ಮದುವೆಮನೆಗಳಲ್ಲಿ ಮಾಡಿಸುತ್ತಾರೆ.

ಹೊಟ್ಟೆಪಾಡಿಗೆ ಮರ ಕೊಯ್ಯುವ ಕೆಲಸ. ನಾನು, ನಮ್ಮ ಕೇರಿಯ ತಿಮ್ಮಪ್ಪಣ್ಣ, ಇಬ್ಬರೂ ಸೇರಿ ಕೊಂಡ ಒಂದು ಹಳೇ ಚೈನ್ ಸಾ. ಮೆಷಿನ್ ನನ್ನ ಕೈಯಲ್ಲಿ, ಹಗ್ಗ ತಿಮ್ಮಪ್ಪಣ್ಣನ ಕೈಯಲ್ಲಿ. ಅವನಿಗೆ ಆಗಲೇ ಐವತ್ತು ದಾಟಿತ್ತು. ಮರದ ತುದಿಗೆ ಹಗ್ಗ ಕಟ್ಟಿ, ಬೀಳಬೇಕಾದ ದಿಕ್ಕಿಗೆ ದೂರ ನಿಂತು ಎಳೆದು ಹಿಡಿಯುವುದು ಅವನ ಕೆಲಸ. ನಮ್ಮ ಕಡೆ ಇದಕ್ಕೊಂದು ಕ್ರಮ ಉಂಟು. ಮೆಷಿನ್ ಹಿಡಿದವನು ಸ್ವಲ್ಪ ಕೊಯ್ದು ರೇಸ್ ಬಿಡಬೇಕು, ಸದ್ದು ಇಳಿಯಬೇಕು. ಹಗ್ಗದವನು ಮೇಲೆ ಕೆಳಗೆ ನೋಡಿ "ಹೋ" ಅನ್ನಬೇಕು. ಮೆಷಿನಿನವನೂ "ಹೋ" ಅನ್ನಬೇಕು. ಆಮೇಲೆ ಮುಂದಿನ ಕೊಯ್ತ. ಬುಡದಲ್ಲಿ ಬಗ್ಗಿದವನಿಗೆ ತುದಿ ಕಾಣುವುದಿಲ್ಲ. ಹಾಗಾಗಿ ಅವನ ಕಣ್ಣು ಹಗ್ಗದವನ ಬಾಯಲ್ಲಿರುತ್ತದೆ.

ಆ ವರ್ಷ ಎನ್.ಆರ್.ಪುರದ ಕಡೆಯ ಒಂದು ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಕೊಯ್ಯುವ ಕೆಲಸ ಸಿಕ್ಕಿತು. ಕೆಳಗಿನ ಬ್ಲಾಕನ್ನು ಯುಗಾದಿಯೊಳಗೆ ಮುಗಿಸಿದರೆ ಮೇಲಿನ ಬ್ಲಾಕೂ ನಮಗೇ ಎಂದು ತೋಟದ ಯಜಮಾನರು ಹೇಳಿದ್ದರು. ಇಲ್ಲದಿದ್ದರೆ ದೊಡ್ಡ ಮೆಷಿನ್ ಇದ್ದ ಬೇರೆ ಜೋಡಿಯೊಂದು ಕಾದು ಕೂತಿತ್ತು. ನಮ್ಮ ಮೆಷಿನ್ನೋ, ದಪ್ಪ ಮರಕ್ಕೆ ಇಟ್ಟರೆ ಉಬ್ಬಸ ಬಂದ ಅಜ್ಜನ ಹಾಗೆ ನಿಂತು ನಿಂತು ಉಸಿರೆಳೆಯುತ್ತಿತ್ತು.

ಕೊಪ್ಪದಲ್ಲಿ ಸುರೇಂದ್ರಣ್ಣ ಅಂತ ಒಬ್ಬ ಬೈಕ್ ಮೆಕ್ಯಾನಿಕ್ ಇದ್ದ. ರ್‍ಯಾಲಿಗೆ ಹೋಗುವ ಹುಡುಗರ ಟೂ ಸ್ಟ್ರೋಕ್ ಬೈಕುಗಳಿಗೆ ವೇಗ ಹೆಚ್ಚುವ ಹಾಗೆ ಪೋರ್ಟ್ ಕೆಲಸ ಮಾಡಿಕೊಡುವುದರಲ್ಲಿ ಅವನದು ಎತ್ತಿದ ಕೈ. ನಾನು ಮೆಷಿನ್ ಹೊತ್ತುಕೊಂಡು ಅಲ್ಲಿಗೆ ಹೋದೆ.

"ಇದೂ ಟೂ ಸ್ಟ್ರೋಕೇ ಅಲ್ದನಾ ಸುರೇಂದ್ರಣ್ಣ? ಬೈಕಿಗೆ ಮಾಡಿದ್ದು ಇದಕ್ಕೂ ಮಾಡು."

"ಮರ ಕೊಯ್ತಿಯಾ, ರ್‍ಯಾಲಿಗೆ ಹೋಗ್ತಿಯಾ ಮಾರಾಯ?" ಅಂದ. ಆದರೆ ಕೈ ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿತ್ತು.

ಎರಡು ಸಂಜೆ ಅಲ್ಲೇ ಕೂತೆ. ಸೈಲೆನ್ಸರ್ ಬಿಚ್ಚಿ, ಹೊಗೆ ಸಲೀಸಾಗಿ ಹೊರಗೆ ಹೋಗಲಿ ಅಂತ ಮುಚ್ಚಳಕ್ಕೆ ಇನ್ನೊಂದು ತೂತು ಕೊರೆದ. ಸಿಲಿಂಡರ್ ಬಿಚ್ಚಿ, ಹೊಗೆ ಹೊರಬೀಳುವ ಪೋರ್ಟಿನ ಎರಡು ಬದಿಯನ್ನೂ ಸಣ್ಣ ಗ್ರೈಂಡರಿನಲ್ಲಿ ಒಂಚೂರು ಒಂಚೂರೇ ಅಗಲ ಮಾಡಿದ. ಪಿಸ್ಟನ್ ರಿಂಗ್ ಸಿಕ್ಕಿಕೊಳ್ಳಬಾರದೆಂದು ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿದ. ಮಗುವಿನ ಕಿವಿ ಒರೆಸುವವರ ಹಾಗೆ ನಾಲಿಗೆ ಕಚ್ಚಿಕೊಂಡು ಮಾಡುತ್ತಿದ್ದ. ಕಡೆಗೆ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಜಾಸ್ತಿ ಮಾಡಿ, ಫುಲ್ ರೇಸ್ ಕೊಟ್ಟ. ಮೆಷಿನ್ ಒಡಕು ದನಿಯಲ್ಲಿ ಬರ್ರ್ ಬರ್ರ್ ಅಂತು.

"ಇದೆಂತ ಸುರೇಂದ್ರಣ್ಣ, ಶೀತ ಆದಂಗೆ ಉಂಟು!"

"ಖಾಲಿ ಓಡುವಾಗ ಹಿಂಗೇ ಇರ್ಬೇಕು. ಮರಕ್ಕೆ ಇಟ್ಟಾಗ ಗಂಟಲು ತಾನೇ ಬಿಡ್ತದೆ. ಗಾಳಿ ಜಾಸ್ತಿ ಹೋಗ್ತದಲ ಈಗ, ಅದ್ಕೆ ಸರಿಯಾಗಿ ಪೆಟ್ರೋಲು, ಆಯಿಲ್ಲು ಹೋಗ್ಬೇಕು. ಈ ಸ್ಕ್ರೂ ಮುಟ್ಬೇಡ. ಸಂಗೀತ ಕೇಳ್ಬೇಕು ಅಂತ ಮುಟ್ಟಿದ್ಯೋ, ಪಿಸ್ಟನ್ ಹೋತು ಅಂತ ಲೆಕ್ಕ."

ನಾನು ಯಾರು? ಕಿವಿಯೇ ಬಂಡವಾಳ ಎಂದುಕೊಂಡವನು. ಮಾರನೇ ದಿನ ತೋಟದಲ್ಲಿ ಆ ಶೀತದ ದನಿ ನನಗೆ ಸಹಿಸಲಾಗಲಿಲ್ಲ. ಸ್ಕ್ರೂ ಸ್ವಲ್ಪ ಬಿಗಿ ಮಾಡಿ ಪೆಟ್ರೋಲ್ ತಗ್ಗಿಸಿದೆ. ಸ್ವಲ್ಪ ಚೆನ್ನಾಗಿ ಕೂಗಿತು. ಇನ್ನೂ ಸ್ವಲ್ಪ ಬಿಗಿ ಮಾಡಿದೆ. ಆಹಾ! ಮದುವೆ ದಿಬ್ಬಣದ ವಾಲಗದವನು ಮೇಲಿನ ಸ್ವರಕ್ಕೆ ಏರಿದ ಹಾಗೆ ಕಿರುಚಿತು. ಸಿಲ್ವರ್ ಓಕಿಗೆ ಇಟ್ಟರೆ ಬೆಣ್ಣೆಗೆ ಚಾಕು ಇಟ್ಟ ಹಾಗೆ ಇಳಿಯಿತು. ಮುಂಚೆ ದಿನಕ್ಕೆ ನಾಲ್ಕು ಮರ ಉರುಳಿಸುತ್ತಿದ್ದವರು ಅವತ್ತು ಮಧ್ಯಾಹ್ನದ ಊಟಕ್ಕೇ ಐದು ಮುಗಿಸಿದೆವು.

ತಿಮ್ಮಪ್ಪಣ್ಣನಿಗೆ ಮಾತ್ರ ಸಮಾಧಾನವಿಲ್ಲ. ಬುತ್ತಿ ಬಿಚ್ಚುತ್ತಾ, "ಗಣ್ಪ, ಇದರ ಸದ್ದಲ್ಲಿ ನಾ ಕೂಗಿದ್ದು ನಂಗೇ ಕೇಳೂದಿಲ್ಲ. ನೀ ನಡುವೆ ರೇಸೂ ಬಿಡ್ತಿಲ್ಲ" ಅಂದ.

"ರೇಸ್ ಬಿಟ್ರೆ ಯುಗಾದಿ ಮುಂದೆ ಹೋಗ್ತದ ತಿಮ್ಮಪ್ಪಣ್ಣ? ನಾನೇ ಆಗಾಗ ತಲೆ ಎತ್ತಿ ನಿನ್ನ ಚಂದದ ಮುಖ ನೋಡ್ತೆ ಬಿಡು" ಅಂದು, ಅವನು ಕುತ್ತಿಗೆಯ ನರ ಉಬ್ಬಿಸಿ ಕೂಗುವುದನ್ನು ದನಿಯಿಲ್ಲದೆ ಬಾಯಿ ಮಾತ್ರ ಆಡಿಸಿ ತೋರಿಸಿದೆ. ಕಾಫಿ ಗಿಡದ ಕೆಲಸಕ್ಕೆ ಬಂದಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. "ಆತು ಮಾರಾಯ, ನೋಡು ಮತ್ತೆ" ಅಂದ.

ಮೂರನೇ ದಿನ ಹನ್ನೊಂದು ಗಂಟೆಯ ಹೊತ್ತು. ಇಳಿಜಾರಿನಲ್ಲಿ ಒಂದು ದಪ್ಪ ಮರ. ಅದರ ಪಕ್ಕದಲ್ಲೇ ಹಳೆಯದೊಂದು ಬಸರಿ ಮರ. ಬಸರಿಯ ಒಣಗಿದ ಕೊಂಬೆಯೊಂದು ನಮ್ಮ ಮರದ ತುದಿಯಲ್ಲಿ ಸಿಕ್ಕಿಕೊಂಡಿತ್ತು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಾಗಲು ತಲೆ ಎತ್ತಬೇಕಿತ್ತು. ನಾನು ಬಗ್ಗಿ ಆ ಕಿರುಚಾಟದ ಸುಖದಲ್ಲಿ ಕೊಯ್ಯುತ್ತಲೇ ಇದ್ದೆ. ಅರ್ಧ ದಾಟಿತು, ಮುಕ್ಕಾಲಾಗುತ್ತಾ ಬಂತು.

ಆಗ ಮೆಷಿನ್ ಒಂದು ಸಲ 'ಕೀಂ' ಎಂದು ಸಿಡುಕಿ, ಮರದೊಳಗೇ ಸತ್ತು ನಿಂತಿತು.

ಇಡೀ ತೋಟ ತಣ್ಣಗಾಯಿತು. ಆ ಮೌನದಲ್ಲಿ ಮೇಲೆ ಏನೋ ಚಟಚಟ ಅಂದಿದ್ದು, ಒಬ್ಬ ಮನುಷ್ಯನ ಕೂಗು, ಎರಡೂ ಒಟ್ಟಿಗೇ ಕಿವಿಗೆ ಬಿದ್ದವು.

"ಗಣ್ಪಾ, ಎಡಕ್ಕೆ ಹಾರಾ! ಎಡಕ್ಕೆ!"

ಹಾರಿದೆ. ಹಾರಿದೆ ಅನ್ನುವುದು ದೊಡ್ಡ ಮಾತು, ಮೂಟೆ ಬಿದ್ದ ಹಾಗೆ ಕಾಫಿ ಗಿಡದೊಳಗೆ ಉರುಳಿದೆ. ಹಿಂದೆ ದಢ್ ಎಂದು ನೆಲ ಅದುರಿತು. ತಿರುಗಿ ನೋಡಿದರೆ, ಮನುಷ್ಯನ ತೊಡೆಗಿಂತ ದಪ್ಪದ ಬಸರಿ ಕೊಂಬೆ ನಾನು ನಿಂತಿದ್ದ ಜಾಗದಲ್ಲೇ ಬಿದ್ದಿತ್ತು. ಮೆಷಿನಿನ ಹಿಡಿಕೆ ಪುಡಿಯಾಗಿತ್ತು. ಕೊಂಬೆಯ ಆಚೆ, ನನ್ನಿಂದ ನಾಲ್ಕೇ ಮಾರು ದೂರದಲ್ಲಿ ತಿಮ್ಮಪ್ಪಣ್ಣ ನಿಂತಿದ್ದ.

ಅವನು ಅಲ್ಲಿರಬಾರದಿತ್ತು. ಅವನ ಜಾಗ ಅಷ್ಟು ದೂರ, ಹಗ್ಗದ ತುದಿಯಲ್ಲಿ. ಕೊಂಬೆ ಮುರಿಯುವುದು ಕಂಡರೆ ಹೊರಗೆ ಓಡಬೇಕು, ಒಳಗೆ ಯಾರೂ ಬರಬಾರದು ಎಂದು ನನಗೆ ಕಲಿಸಿದವನೇ ಅವನು. ಹಗ್ಗ ಎಲ್ಲೋ ಕೆಳಗೆ ಬಿದ್ದಿತ್ತು. ಅವನ ಒಂದು ಕಾಲಿನ ಚಪ್ಪಲಿ ದಾರಿಯ ನಡುವೆ ಉಳಿದಿತ್ತು.

ನಾನು ಎದ್ದು ನಿಂತೆ. ಅವನು ಹತ್ತಿರ ಬಂದು, ನನ್ನ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದ. ಎಲ್ಲ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ಕೆನ್ನೆಗೆ ಒಂದು ಬಿಟ್ಟ. ಆಮೇಲೆ ನೆಲದ ಮೇಲೆ ಕೂತು, ಎಲೆಯಡಿಕೆ ಚೀಲ ಬಿಚ್ಚಿ, ಒಂದು ಎಲೆಗೆ ಸುಣ್ಣ ಸವರಿ ನನ್ನ ಕಡೆ ಚಾಚಿದ.

ಮಾರನೇ ದಿನ ಕೊಪ್ಪದಲ್ಲಿ ಮೆಷಿನ್ ಬಿಚ್ಚಿದಾಗ ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದ ಹಾಗೆ ಗೀರುಗಳಿದ್ದವು. ಸುರೇಂದ್ರಣ್ಣ ಸ್ಕ್ರೂ ನೋಡಿದ, ನನ್ನನ್ನು ನೋಡಿದ. ಬೈಯಲೆಂದು ಬಾಯಿ ತೆರೆದವನು ನಡೆದದ್ದನ್ನು ಕೇಳಿ ಹೊಸ ಪಿಸ್ಟನ್ನಿನ ಲೆಕ್ಕ ಬರೆಯತೊಡಗಿದ. ಸ್ಕ್ರೂ ಮುಟ್ಟದೇ ಇದ್ದಿದ್ದರೆ ಮೆಷಿನ್ ನಿಲ್ಲುತ್ತಿರಲಿಲ್ಲ. ಮೆಷಿನ್ ನಿಲ್ಲದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಾಗೆಂದು ಅದು ನನ್ನ ಬುದ್ಧಿವಂತಿಕೆ ಅನ್ನಲಾಗುತ್ತದೆಯೇ? ಹೊಸ ಪಿಸ್ಟನ್, ಸಿಲಿಂಡರಿನ ಜೊತೆಗೆ ತೂತಿಲ್ಲದ ಸೈಲೆನ್ಸರ್ ಹಾಕಿಸಿದೆ. ಯುಗಾದಿಯೊಳಗೆ ಕೆಲಸ ಮುಗಿಯಲಿಲ್ಲ. ಮೇಲಿನ ಬ್ಲಾಕ್ ಬೇರೆಯವರ ಪಾಲಾಯಿತು.

ಆದರೆ ನನಗೆ ಮರೆಯಲಾಗದ್ದು ಕೊಂಬೆ ಬಿದ್ದ ದಿನ ಸಂಜೆ ಕೊಪ್ಪದ ಬಸ್ಸಿನಲ್ಲಿ ನಡೆದ ಮಾತು. ಮುರಿದ ಮೆಷಿನ್ ಕಾಲ ಬುಡದಲ್ಲಿತ್ತು. ಟಿಕೆಟ್ ತೆಗೆದ ಮೇಲೆ ಕೇಳಿದೆ: "ತಿಮ್ಮಪ್ಪಣ್ಣ, ಕೊಂಬೆ ಮುರೀತಿದ್ದದ್ದು ಕಂಡ್ರೂ ಒಳಗೆ ಯಾಕೆ ಓಡಿ ಬಂದೆ?"

ಕೂಗಿ ಕೂಗಿ ಅವನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಕಿಟಕಿಯ ಕಡೆ ನೋಡುತ್ತಾ, ಗಾಳಿಯಷ್ಟೇ ಬರುವ ದನಿಯಲ್ಲಿ ಹೇಳಿದ:

"ಕೂಗಿದ್ದು ನಿಂಗೆ ಕೇಳ್ಲಿಲ್ಲಲ ಮಾರಾಯ. ಮತ್ತೆಂತ ಮಾಡೂದು?"

ಈಗ ಅವನು ಕೆಲಸ ಬಿಟ್ಟು ವರ್ಷಗಳಾದವು. ಯಾವುದಾದರೂ ತೋಟದಲ್ಲಿ ಮೆಷಿನ್ ಕಿರುಚುವುದು ಕೇಳಿದರೆ ನಾನು ಬೈಕ್ ನಿಲ್ಲಿಸುತ್ತೇನೆ. ಅದು ರೇಸ್ ಬಿಡುವವರೆಗೆ, ಆಮೇಲೆ ಎರಡು "ಹೋ" ಕೇಳುವವರೆಗೆ ಕಾಯುತ್ತೇನೆ. ಅದು ಕೇಳಿದ ಮೇಲೇ ಗಾಡಿ ಸ್ಟಾರ್ಟ್ ಮಾಡುವುದು.